ಡಿಸ್ಕೋ ಎಂಬ ಹೆಸರು ಕೆಟ್ಟ ವರ್ಷದಲ್ಲಿ ಡಯಾನಾ ರಾಸ್ ಅವರ ಆಲ್ಬಂ: ಒಂದು ಪ್ರಕರಣ ಅಧ್ಯಯನ

1980ರ ವಸಂತದ ಹೊತ್ತಿಗೆ ನ್ಯೂಯಾರ್ಕಿನ ಪವರ್ ಸ್ಟೇಷನ್ ಸ್ಟುಡಿಯೋದಲ್ಲಿ ಎಂಟು ಹಾಡುಗಳ ಒಂದು ಆಲ್ಬಂ ಸಿದ್ಧವಾಗಿತ್ತು. ಹಾಡಿದವರು ಡಯಾನಾ ರಾಸ್. ಎಂಟೂ ಹಾಡುಗಳನ್ನು ಬರೆದು, ಸ್ವರ ಹಾಕಿ, ನುಡಿಸಿ, ನಿರ್ಮಿಸಿದವರು ಶೀಕ್ ತಂಡದ ಗಿಟಾರ್ ವಾದಕ ನೈಲ್ ರಾಜರ್ಸ್ ಮತ್ತು ಬೇಸ್ ಗಿಟಾರ್ ವಾದಕ ಬರ್ನಾರ್ಡ್ ಎಡ್ವರ್ಡ್ಸ್. ಅವರು ಮುಗಿಸಿಕೊಟ್ಟ ಟೇಪು ಅದನ್ನು ಮಾರಬೇಕಾಗಿದ್ದ ಮೋಟೌನ್ ಧ್ವನಿಮುದ್ರಣ ಸಂಸ್ಥೆಗೆ ಒಪ್ಪಿಗೆಯಾಗಲಿಲ್ಲ, ಹಾಡಿದವರಿಗೂ ಆಗಲಿಲ್ಲ. ನಿರ್ಮಾಪಕರಿಬ್ಬರನ್ನೂ ಹೊರಗಿಟ್ಟು, ಮೋಟೌನ್‌ನ ಇಂಜಿನಿಯರ್ ರಸ್ ಟೆರಾನಾ ಅವರೊಂದಿಗೆ ಕುಳಿತು ರಾಸ್ ಇಡೀ ಆಲ್ಬಮ್ಮನ್ನು ಮತ್ತೊಮ್ಮೆ ಮಿಕ್ಸ್ ಮಾಡಿಸಿದರು, ಅಂದರೆ ಬೇರೆ ಬೇರೆಯಾಗಿ ಮುದ್ರಿಸಿದ ಕಂಠ ಮತ್ತು ವಾದ್ಯಗಳ ಮಟ್ಟಗಳನ್ನು ಹೊಸದಾಗಿ ಹೊಂದಿಸಿ ಒಂದುಗೂಡಿಸಿದರು. ಆ ವರ್ಷದ ಮೇ ತಿಂಗಳಲ್ಲಿ 'ಡಯಾನಾ' ಎಂಬ ಒಂದೇ ಪದದ ಹೆಸರಿನಲ್ಲಿ ಅಂಗಡಿಗಳಿಗೆ ಬಂದದ್ದು ಈ ಎರಡನೆಯ ರೂಪ. ಮೊದಲನೆಯ ರೂಪ ಇಪ್ಪತ್ತಮೂರು ವರ್ಷ ಕಪಾಟಿನಲ್ಲಿ ಉಳಿಯಿತು.

ಒಂದೇ ಆಲ್ಬಮ್ಮಿನ ಎರಡು ಮಿಕ್ಸ್‌ಗಳೂ ಇಂದು ಕೇಳಲು ಸಿಗುವುದರಿಂದ, ಡಿಸ್ಕೋ ಯುಗ ಮುಗಿದ ಬಗೆಯನ್ನು ಊಹೆಯಿಂದಲ್ಲದೆ ಕಿವಿಯಿಂದಲೇ ಪರಿಶೀಲಿಸಬಹುದಾದ ಅಪರೂಪದ ಪ್ರಕರಣ ಇದು. ಒಂದು ಸಂಗೀತದ ಹೆಸರು ಇದ್ದಕ್ಕಿದ್ದಂತೆ ಮೈಲಿಗೆಯಾದಾಗ, ಆ ಸಂಗೀತವನ್ನೇ ಬಲ್ಲ ಕಲಾವಿದರು ಮಾಡಿದ ಕೆಲಸವನ್ನು ಸಂಸ್ಥೆಯೊಂದು ಹೇಗೆ ಮಾರಿತು, ಅದಕ್ಕಾಗಿ ಏನನ್ನು ಬದಲಿಸಿತು, ಏನನ್ನು ಬದಲಿಸಲಾಗಲಿಲ್ಲ ಎಂಬುದೇ ಈ ಬರಹದ ವಿಷಯ.

ಹಿನ್ನೆಲೆ: 1979ರ ಬೇಸಿಗೆ

1979ರ ಜುಲೈ 12ರ ಸಂಜೆ ಷಿಕಾಗೋದ ಕಾಮಿಸ್ಕಿ ಪಾರ್ಕ್ ಕ್ರೀಡಾಂಗಣದಲ್ಲಿ ವೈಟ್ ಸಾಕ್ಸ್ ಮತ್ತು ಡೆಟ್ರಾಯಿಟ್ ಟೈಗರ್ಸ್ ತಂಡಗಳ ನಡುವೆ ಒಂದರ ಹಿಂದೊಂದು ಎರಡು ಬೇಸ್‌ಬಾಲ್ ಪಂದ್ಯಗಳಿದ್ದವು. ಡಿಸ್ಕೋ ಹಾಡಿನ ತಟ್ಟೆಯೊಂದನ್ನು (ಗ್ರಾಮಫೋನ್ ರೆಕಾರ್ಡನ್ನು) ತಂದವರಿಗೆ ಪ್ರವೇಶ ದರ ಕೇವಲ 98 ಸೆಂಟ್. ಇದನ್ನು ಮುಂದೆ ನಿಂತು ನಡೆಸಿದ ರೇಡಿಯೋ ನಿರೂಪಕ ಸ್ಟೀವ್ ಡಾಲ್, ತಾನು ದುಡಿಯುತ್ತಿದ್ದ ಕೇಂದ್ರ ರಾಕ್ ಬಿಟ್ಟು ಡಿಸ್ಕೋಗೆ ಹೊರಳಿದಾಗ ಕೆಲಸ ಕಳೆದುಕೊಂಡು ಬೇರೆ ಕೇಂದ್ರ ಸೇರಿದ್ದವರು. ಸುಮಾರು 50,000 ಜನ ಸೇರಿದರು. ಮೊದಲ ಪಂದ್ಯ ಮುಗಿದ ಮೇಲೆ ಮೈದಾನದ ನಡುವೆ ತಟ್ಟೆಗಳ ಪೆಟ್ಟಿಗೆಯನ್ನು ಸಿಡಿಸಲಾಯಿತು. ಸಾವಿರಾರು ಮಂದಿ ಮೈದಾನಕ್ಕೆ ನುಗ್ಗಿದರು. ಎರಡನೆಯ ಪಂದ್ಯ ನಡೆಯಲೇ ಇಲ್ಲ. ಆ ಸಂಜೆ ಅಲ್ಲಿ ಪ್ರೇಕ್ಷಕರಿಗೆ ಆಸನ ತೋರಿಸುವ ಕೆಲಸದಲ್ಲಿದ್ದ ಕಪ್ಪು ಹುಡುಗ ವಿನ್ಸ್ ಲಾರೆನ್ಸ್, ಜನ ತಂದ ತಟ್ಟೆಗಳಲ್ಲಿ ಡಿಸ್ಕೋಗೆ ಸಂಬಂಧವೇ ಇಲ್ಲದ ಕಪ್ಪು ಕಲಾವಿದರ ತಟ್ಟೆಗಳೂ ಬಹಳ ಇದ್ದವೆಂದು ಮುಂದೆ ನೆನಪಿಸಿಕೊಂಡಿದ್ದಾರೆ. ಅದೇ ಹುಡುಗ ಕೆಲವೇ ವರ್ಷಗಳಲ್ಲಿ ಡಿಸ್ಕೋದಿಂದ ಬೆಳೆದ ವಿದ್ಯುನ್ಮಾನ ಕುಣಿತದ ಸಂಗೀತವಾದ ಷಿಕಾಗೋದ ಹೌಸ್ ಸಂಗೀತವನ್ನು ಕಟ್ಟಿದವರಲ್ಲಿ ಒಬ್ಬರಾದರು. ಈ ಮಾತನ್ನು ಇಲ್ಲಿ ಎತ್ತಲು ಕಾರಣವಿದೆ: ಡಿಸ್ಕೋ ಮೇಲಿನ ಸಿಟ್ಟು ಬರಿಯ ಲಯದ ಮೇಲಿನ ಸಿಟ್ಟಾಗಿರಲಿಲ್ಲ. ಆ ಸಂಗೀತ ಹುಟ್ಟಿ ಬೆಳೆದದ್ದು ಕಪ್ಪು ಜನರ, ಲ್ಯಾಟಿನೋಗಳ, ಸಲಿಂಗಿಗಳ ಕ್ಲಬ್ಬುಗಳಲ್ಲಿ. ಸಿಟ್ಟಿನ ಒಂದು ಪಾಲು ಅವರ ಮೇಲೂ ಇತ್ತು. ಈ ಪ್ರಕರಣದ ಅತ್ಯಂತ ಸೂಕ್ಷ್ಮವಾದ ಹಾಡನ್ನು ಅರ್ಥ ಮಾಡಿಕೊಳ್ಳಲು ಇದು ನೆನಪಿನಲ್ಲಿರಬೇಕು.

ಆ ರಾತ್ರಿಯೇ ಡಿಸ್ಕೋ ಸತ್ತಿತೆಂದು ಬರೆಯುವುದು ಈಗ ರೂಢಿಯಾಗಿದೆ. ಆದರೆ ತಿಂಗಳ ಬಳಿಕ, ಆಗಸ್ಟ್ 18ರ ವಾರದಲ್ಲಿ, ಹಾಡುಗಳ ಜನಪ್ರಿಯತೆಯನ್ನು ವಾರವಾರ ಅಳೆಯುವ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನದಲ್ಲಿದ್ದದ್ದು ಶೀಕ್ ತಂಡದ 'ಗುಡ್ ಟೈಮ್ಸ್'. ಮೈಕೇಲ್ ಜಾಕ್ಸನ್ ಅವರ 'ಆಫ್ ದ ವಾಲ್' ಬಂದದ್ದೂ ಅದೇ ಆಗಸ್ಟಿನಲ್ಲಿ. ಕುಸಿತ ನಿಜವಾಗಿ ಕಾಣಿಸಿದ್ದು ಸಂಸ್ಥೆಗಳ ಲೆಕ್ಕದ ಪುಸ್ತಕಗಳಲ್ಲಿ ಮತ್ತು ರೇಡಿಯೋ ಕೇಂದ್ರಗಳ ತೀರ್ಮಾನಗಳಲ್ಲಿ. ಮಾರಾಟವಾಗದೆ ವಾಪಸಾದ ತಟ್ಟೆಗಳು ಗೋದಾಮುಗಳಲ್ಲಿ ಬಿದ್ದವು; ಡಿಸ್ಕೋಗೆ ಹೊರಳಿದ್ದ ಕೇಂದ್ರಗಳು ಒಂದೊಂದಾಗಿ ಹಿಂದೆ ಸರಿದವು. ಗ್ರ್ಯಾಮಿ ಪ್ರಶಸ್ತಿಗಳಲ್ಲಿ ಡಿಸ್ಕೋಗೆಂದು ಒಂದು ವಿಭಾಗವೇ ಹೊಸದಾಗಿ ಹುಟ್ಟಿ, 1980ರ ಫೆಬ್ರವರಿಯಲ್ಲಿ ಗ್ಲೋರಿಯಾ ಗೇನರ್ ಅವರಿಗೆ ಒಂದು ಸಲ ಪ್ರಶಸ್ತಿ ಕೊಟ್ಟು, ಮರುವರ್ಷವೇ ಕಾಣೆಯಾಯಿತು.

ಗಾಯಕಿ ಮತ್ತು ನಿರ್ಮಾಪಕರು

ಡಯಾನಾ ರಾಸ್ ಮೋಟೌನ್ ಮನೆಯಲ್ಲೇ ಬೆಳೆದವರು. ಸುಪ್ರೀಮ್ಸ್ ತಂಡದ ಮುಂದಾಳಾಗಿ 1960ರ ದಶಕದಲ್ಲಿ, ಒಂಟಿ ಗಾಯಕಿಯಾಗಿ 1970ರಿಂದ ಮುಂದಕ್ಕೆ ಆ ಸಂಸ್ಥೆಯ ಮುಖವೇ ಆಗಿದ್ದರು. ಆದರೆ 1976ರ 'ಲವ್ ಹ್ಯಾಂಗೋವರ್' ನಂತರ ಅವರ ಹಾಡೊಂದೂ ಬಿಲ್‌ಬೋರ್ಡಿನ ಮೊದಲ ಹತ್ತಕ್ಕೆ ಬಂದಿರಲಿಲ್ಲ. 1979ರ 'ದ ಬಾಸ್' ಕ್ಲಬ್ಬುಗಳಲ್ಲಿ ಚೆನ್ನಾಗಿ ಓಡಿದರೂ ಮುಖ್ಯ ಪಟ್ಟಿಯಲ್ಲಿ 19ನೆಯ ಸ್ಥಾನಕ್ಕೆ ನಿಂತಿತು.

ರಾಜರ್ಸ್ ಮತ್ತು ಎಡ್ವರ್ಡ್ಸ್ ಅವರ ಸ್ಥಿತಿ ಇದಕ್ಕೆ ವಿರುದ್ಧವಾಗಿತ್ತು. 'ಲ ಫ್ರೀಕ್', 'ಗುಡ್ ಟೈಮ್ಸ್', ಸಿಸ್ಟರ್ ಸ್ಲೆಡ್ಜ್ ಸಹೋದರಿಯರಿಗಾಗಿ ಮಾಡಿದ 'ವಿ ಆರ್ ಫ್ಯಾಮಿಲಿ', ಎಲ್ಲವೂ ಎರಡು ವರ್ಷಗಳೊಳಗೆ ಬಂದ ದೊಡ್ಡ ಗೆಲುವುಗಳು. ಕಸುಬಿನ ಎತ್ತರದಲ್ಲಿದ್ದರು, ಆದರೆ ನಿಂತ ನೆಲವೇ ಜಾರುತ್ತಿತ್ತು. ಜಾಜ್ ಕಲಿತ ವಾದಕರಾಗಿದ್ದ ಅವರು ತಮ್ಮ ತಂಡವನ್ನು ಡಿಸ್ಕೋ ತಂಡವೆಂದು ಭಾವಿಸಿದವರಲ್ಲ. ಆದರೆ ಲೋಕ ಹಾಗೆಯೇ ಕರೆಯುತ್ತಿತ್ತು, ಹಾಗೆ ಕರೆದೇ ಅವರನ್ನು ಪಕ್ಕಕ್ಕೆ ಸರಿಸಿತು. 'ಗುಡ್ ಟೈಮ್ಸ್' ನಂತರ ಶೀಕ್ ಹೆಸರಿನ ಯಾವ ಹಾಡೂ ಅಮೆರಿಕದ ಮೊದಲ ನಲವತ್ತನ್ನು ಮುಟ್ಟಲಿಲ್ಲ. ಈ ಸಂಗತಿಗೆ ಮುಂದೆ ಮತ್ತೆ ಬರುತ್ತೇನೆ.

ಪವರ್ ಸ್ಟೇಷನ್ನಿನಲ್ಲಿ

ಮೋಟೌನ್‌ನ ಕರೆ ಬಂದಾಗ ಅವರಿಬ್ಬರೂ ಮಾಡಿದ ಮೊದಲ ಕೆಲಸ ಹಾಡು ಬರೆಯುವುದಾಗಿರಲಿಲ್ಲ, ಮಾತನಾಡಿಸುವುದಾಗಿತ್ತು. ರಾಸ್ ಅವರನ್ನು ಕೂರಿಸಿಕೊಂಡು ಕೆಲವು ದಿನಗಳ ಕಾಲ ಪ್ರಶ್ನೆ ಕೇಳಿ, ಅವರ ಬದುಕು, ಬೇಸರ, ಬಯಕೆಗಳನ್ನು ಆಲಿಸಿ, ಆ ಮಾತುಗಳಿಂದಲೇ ಹಾಡುಗಳನ್ನು ಹೆಣೆದರು. ಬದುಕನ್ನು ತಲೆಕೆಳಗು ಮಾಡಬೇಕು, ಮತ್ತೆ ಸಂತೋಷವಾಗಿರಬೇಕು ಎಂಬ ಅವರ ಮಾತು 'ಅಪ್‌ಸೈಡ್ ಡೌನ್' ಮತ್ತು 'ಹ್ಯಾವ್ ಫನ್ (ಅಗೇನ್)' ಎಂಬ ಎರಡು ಹಾಡುಗಳ ಹೆಸರಲ್ಲೇ ಕೇಳಿಸುತ್ತದೆ. ಅಲ್ಲಿಯವರೆಗೆ ಹೆಚ್ಚು ಹೆಸರಿಲ್ಲದ ಗಾಯಕರಿಗಾಗಿ ತಮ್ಮದೇ ಕಲ್ಪನೆಯ ಹಾಡುಗಳನ್ನು ಬರೆಯುತ್ತಿದ್ದ ಇವರಿಗೆ, ಒಬ್ಬ ದೊಡ್ಡ ತಾರೆಯ ನಿಜ ಬದುಕನ್ನು ಎದುರಿಟ್ಟುಕೊಂಡು ಬರೆಯುವುದು ಹೊಸ ಅನುಭವವಾಗಿತ್ತು.

ಇವರ ಹಾಡುಗಾರಿಕೆಯ ಕಸುಬನ್ನು 'ಅಪ್‌ಸೈಡ್ ಡೌನ್'ನಲ್ಲಿ ಹತ್ತಿರದಿಂದ ನೋಡಬಹುದು. ಹಾಡು ಚರಣದಿಂದ ಮೊದಲಾಗುವುದಿಲ್ಲ, ನೇರವಾಗಿ ಪಲ್ಲವಿಗೇ ಇಳಿಯುತ್ತದೆ. ರಾಜರ್ಸ್ ಅವರ ಬಲಗೈ ತಂತಿಗಳ ಮೇಲೆ ಒಂದೇ ಸಮನೆ ಓಡುತ್ತಿರುತ್ತದೆ, ಎಡಗೈ ಬೆರಳುಗಳು ಒತ್ತಿದ ತಂತಿಯನ್ನು ಮರುಕ್ಷಣವೇ ಸಡಿಲಿಸಿ ನಾದವನ್ನು ಕತ್ತರಿಸುತ್ತವೆ. ಆದ್ದರಿಂದ ಗಿಟಾರಿನಿಂದ ಬರುವುದು ಅರ್ಧ ಸ್ವರ, ಅರ್ಧ ತಾಳ. ಅದರ ಕೆಳಗೆ ಎಡ್ವರ್ಡ್ಸ್ ಅವರ ಬೇಸ್, ಟೋನಿ ಥಾಂಪ್ಸನ್ ಅವರ ಡ್ರಮ್ಸ್. ಸಾಮಾನ್ಯ ಡಿಸ್ಕೋದಲ್ಲಿ ನಾಲ್ಕು ಎಣಿಕೆಗೂ ಕಾಲಿನ ಡ್ರಮ್ ಒಂದೇ ತೂಕದಲ್ಲಿ ಬಡಿಯುತ್ತಿದ್ದರೆ, ಇಲ್ಲಿ ಹಾಡನ್ನು ಎಳೆದೊಯ್ಯುವುದು ಗಿಟಾರ್ ಮತ್ತು ಬೇಸ್ ನಡುವಿನ ಮಾತುಕತೆ. ಯಾರೂ ಜಾಗ ತುಂಬಿಸಲು ನುಡಿಸುವುದಿಲ್ಲ. ಬಿಟ್ಟ ಜಾಗವೇ ಕುಣಿಸುತ್ತದೆ. ಈ ಹಾಡನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ; ಪ್ರತಿ ಸಲವೂ ಕಿವಿ ಮೊದಲು ಹೋಗುವುದು ಆ ಖಾಲಿ ಜಾಗಗಳಿಗೆ.

ಹಾಡಿನ ಹೊರ ಅರ್ಥದ ಹಿಂದೆ ಒಂದು ಒಳ ಅರ್ಥ ಇರಲೇಬೇಕೆಂಬುದು ಇವರಿಬ್ಬರ ನಿಯಮವಾಗಿತ್ತು. 'ಐ ಆಮ್ ಕಮಿಂಗ್ ಔಟ್' ಹುಟ್ಟಿದ್ದು ಹಾಗೆ. ನ್ಯೂಯಾರ್ಕಿನ ಒಂದು ಕ್ಲಬ್ಬಿಗೆ ಹೋಗಿದ್ದಾಗ, ಡಯಾನಾ ರಾಸ್ ಅವರಂತೆಯೇ ವೇಷ ತೊಟ್ಟ ಹಲವು ಡ್ರ್ಯಾಗ್ ಕಲಾವಿದರನ್ನು (ಹೆಣ್ಣುವೇಷದ ಗಂಡಸರನ್ನು) ಒಟ್ಟಿಗೆ ಕಂಡು ಈ ಹಾಡು ಹೊಳೆಯಿತೆಂದು ರಾಜರ್ಸ್ ಅನೇಕ ಕಡೆ ಹೇಳಿದ್ದಾರೆ. ತಮ್ಮ ಲೈಂಗಿಕತೆಯನ್ನು ಬಹಿರಂಗವಾಗಿ ಒಪ್ಪಿಕೊಳ್ಳುವುದಕ್ಕೆ ಅಮೆರಿಕದ ಸಲಿಂಗಿ ಸಮುದಾಯ ಬಳಸುತ್ತಿದ್ದ ಮಾತೇ ಹಾಡಿನ ಮೊದಲ ಸಾಲಾಯಿತು; ಹಳೆಯ ಪೊರೆ ಕಳಚಿ ಹೊಸದಾಗಿ ಜನರ ಮುಂದೆ ಬರುವ ತಾರೆಯ ಮಾತಾಗಿಯೂ ಅದೇ ಸಾಲು ಸಲ್ಲುತ್ತಿತ್ತು. ಹಾಡಿನ ಆರಂಭ ರಾಜರು ಸಭೆಗೆ ಬರುವಾಗಿನ ಕಹಳೆಯಂತಿದೆ: ಮೊದಲು ಗಿಟಾರಿನ ಚುರುಕು ಬಡಿತ, ಅದರ ಮೇಲೆ ಒಂದೊಂದಾಗಿ ತೆರೆದುಕೊಳ್ಳುವ ಥಾಂಪ್ಸನ್ ಅವರ ಡ್ರಮ್ ಏಟುಗಳು, ಬಳಿಕ ಕೊಂಬುವಾದ್ಯಗಳು; ನಡುವೆ ಮೇಕೋ ಮೊನಾರ್ಡೋ ಅವರ ಟ್ರಾಂಬೋನ್ ಏಕವಾದನ, ಕುಣಿತದ ಹಾಡೊಂದರಲ್ಲಿ ಯಾರೂ ನಿರೀಕ್ಷಿಸದ ವಾದ್ಯ.

ಹಾಡಿನ ಒಳ ಅರ್ಥ ರಾಸ್ ಅವರಿಗೆ ಮೊದಲು ತಿಳಿದಿರಲಿಲ್ಲ. ನ್ಯೂಯಾರ್ಕಿನ ಪ್ರಭಾವಿ ರೇಡಿಯೋ ನಿರೂಪಕ ಫ್ರ್ಯಾಂಕಿ ಕ್ರಾಕರ್ ಅವರಿಗೆ ಆಲ್ಬಂ ಕೇಳಿಸಿದಾಗ ಅವರ ಪ್ರತಿಕ್ರಿಯೆ ನಿರುತ್ಸಾಹದ್ದಾಗಿತ್ತು, ಈ ಹಾಡಿನಿಂದ ಜನ ತನ್ನನ್ನು ಸಲಿಂಗಿಯೆಂದು ಭಾವಿಸಬಹುದೆಂಬ ಭಯ ರಾಸ್ ಅವರಲ್ಲಿ ಹುಟ್ಟಿತು, ಅವರು ನೊಂದು ತಮ್ಮಲ್ಲಿಗೆ ಬಂದರು, ಹಾಗೇನೂ ಅರ್ಥವಿಲ್ಲವೆಂದು ತಾನು ಸಮಾಧಾನ ಹೇಳಿ ಕಳಿಸಿದೆ ಎಂಬುದು ರಾಜರ್ಸ್ ಅವರ ನಿರೂಪಣೆ. ನಿರ್ಮಾಪಕರು ಇಲ್ಲಿ ಮಾಡಿದ್ದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ. ಹಾಡು ಎಷ್ಟೇ ದೊಡ್ಡದಾದರೂ, ಅದರ ಅರ್ಥವನ್ನು ಹಾಡುವವರಿಗೇ ಮರೆಮಾಚಬಾರದಿತ್ತು. ಮುಂದೆ ರಾಸ್ ಅವರು ಟೇಪನ್ನು ತಮ್ಮ ಕೈಗೆ ತೆಗೆದುಕೊಂಡದ್ದರ ಹಿಂದೆ ಈ ಅಪನಂಬಿಕೆಯ ಪಾಲೂ ಇದ್ದಿರಬೇಕೆಂದು ನನಗನಿಸುತ್ತದೆ.

ಎರಡು ಮಿಕ್ಸ್‌ಗಳು

ಮೋಟೌನ್ ಮತ್ತು ಶೀಕ್ ನಡುವಿನ ಜಗಳ ಮೂಲತಃ ಧ್ವನಿಯ ಜಾಗದ ಜಗಳ. ಮೋಟೌನ್ ಪದ್ಧತಿಯಲ್ಲಿ ತಾರೆಯ ಕಂಠ ಎಲ್ಲಕ್ಕಿಂತ ಮುಂದೆ, ವಾದ್ಯಗಳೆಲ್ಲ ಅದರ ಹಿಂದೆ. ಶೀಕ್ ಪದ್ಧತಿಯಲ್ಲಿ ಕಂಠವೂ ಮೇಳದ ಒಂದು ವಾದ್ಯ. ಗಿಟಾರ್, ಬೇಸ್, ತಂತಿವಾದ್ಯಗಳು ಮತ್ತು ಹಾಡುಗಾರರು ಸುಮಾರಾಗಿ ಒಂದೇ ಸಾಲಿನಲ್ಲಿ ಕುಳಿತಂತೆ ಕೇಳಿಸಬೇಕು. ಕರ್ನಾಟಕ ಸಂಗೀತ ಕಚೇರಿ ಕೇಳಿದವರಿಗೆ ಈ ವ್ಯತ್ಯಾಸ ಸುಲಭವಾಗಿ ತಿಳಿಯುತ್ತದೆ: ಪಕ್ಕವಾದ್ಯದವರ ಮೈಕು ಏರಿಸಿದಾಗ ಕಚೇರಿಯ ಸ್ವರೂಪವೇ ಬದಲಾಗುತ್ತದೆ, ಹಾಡಿದ್ದು ಮಾತ್ರ ಅದೇ ಕೀರ್ತನೆ.

ರಾಸ್ ಮತ್ತು ಟೆರಾನಾ ಮಾಡಿದ ಬದಲಾವಣೆಗಳು ಇವು. ಕಂಠವನ್ನು ಮುಂದಕ್ಕೆ ತಂದರು. ಅದಕ್ಕಾಗಿ ಹಾಡಿನ ಭಾಗಗಳನ್ನು ಹೊಸದಾಗಿ ಹಾಡಿಸಿ ಮುದ್ರಿಸಿಕೊಂಡರು. ವಾದ್ಯಗಳಷ್ಟೇ ನುಡಿಯುವ ದೀರ್ಘ ಭಾಗಗಳನ್ನು ಕತ್ತರಿಸಿದರು. ವೇಗವನ್ನು ತುಸು ಹೆಚ್ಚಿಸಿದರು. ನಿರ್ಮಾಪಕರಿಗೆ ಇದು ತಿಳಿದಾಗ ಎಷ್ಟು ಕೋಪ ಬಂದಿತೆಂದರೆ, ತಮ್ಮ ಹೆಸರನ್ನೇ ಆಲ್ಬಮ್ಮಿನಿಂದ ತೆಗೆಸುವ ಮಾತಾಡಿದರು. ಕೊನೆಗೆ ಹೆಸರುಗಳು ಉಳಿದವು.

ಎರಡನ್ನೂ ಒಂದರ ಹಿಂದೊಂದು ಹೆಡ್‌ಫೋನಿನಲ್ಲಿ ಕೇಳಿದಾಗ ನನಗೆ ತೋರುವುದು ಇಷ್ಟು. ಮೂಲ ಮಿಕ್ಸ್ ನಿಧಾನ, ವಿಶಾಲ, ಸ್ವಲ್ಪ ಕತ್ತಲೆಯ ಬಣ್ಣದ್ದು. ರಾಸ್ ಅವರ ಧ್ವನಿ ಅಲ್ಲಿ ಒಂದು ಕೋಣೆಯಾಚೆಯಿಂದ ಬಂದಂತೆ, ಆದರೆ ಹೆಚ್ಚು ಆತ್ಮೀಯವಾಗಿದೆ. ಮೋಟೌನ್ ಮಿಕ್ಸ್ ಹಗಲಿನ ಬೆಳಕಿನಂತೆ ಚುರುಕು. ಕಾರಿನ ಸಣ್ಣ ರೇಡಿಯೋದಲ್ಲೂ ಪ್ರತಿ ಪದ ತಿಳಿಯುತ್ತದೆ. 'ಮೈ ಓಲ್ಡ್ ಪಿಯಾನೋ'ದಂಥ ಹಾಡಿಗೆ ಈ ಚುರುಕು ಒಗ್ಗಿದೆ. ನಿಧಾನಗತಿಯ 'ಫ್ರೆಂಡ್ ಟು ಫ್ರೆಂಡ್'ಗೆ ಮಾತ್ರ ಮೂಲದ ನಿರಾಳವೇ ಮೇಲೆಂದು ಅನಿಸುತ್ತದೆ. ಆದರೆ ಮುಖ್ಯ ಸಂಗತಿ ಬೇರೆ. ಎರಡರಲ್ಲೂ ಬೇಸ್ ಅದೇ, ಗಿಟಾರ್ ಅದೇ, ಡ್ರಮ್ಸ್ ಅದೇ. ಬಡಗಿ ಕಟ್ಟಿದ ಮನೆಗೆ ಬೇರೆಯವರು ಸುಣ್ಣ ಬಳಿದಿದ್ದಾರೆ. ತೊಲೆ ಕಂಬಗಳನ್ನು ಯಾರೂ ಮುಟ್ಟಿಲ್ಲ, ಮುಟ್ಟಲು ಬರುವಂತೆಯೂ ಇರಲಿಲ್ಲ.

ಆಲ್ಬಮ್ಮಿನ ಹೊದಿಕೆಯ ವಿಷಯವನ್ನೂ ಇಲ್ಲೇ ಹೇಳಬೇಕು, ಏಕೆಂದರೆ ಅದೂ ಒಂದು ಮಿಕ್ಸೇ. ಫ್ರಾನ್ಸೆಸ್ಕೋ ಸ್ಕಾವುಲ್ಲೋ ತೆಗೆದ ಕಪ್ಪು ಬಿಳುಪಿನ ಚಿತ್ರದಲ್ಲಿ ರಾಸ್ ಬಿಳಿಯ ಟೀ ಶರ್ಟು, ಹರಿದ ಜೀನ್ಸ್ ತೊಟ್ಟು, ಒದ್ದೆಗೂದಲಲ್ಲಿ ನಿಂತಿದ್ದಾರೆ. ಕನ್ನಡಿ ಗೋಳವಿಲ್ಲ, ಮಿನುಗುವ ಉಡುಪಿಲ್ಲ, ತಾರೆಯೆಂದೊಡನೆ ನೆನಪಾಗುವ ದೊಡ್ಡ ಕೂದಲಿಲ್ಲ. ಡಿಸ್ಕೋವನ್ನು ನೆನಪಿಸುವ ಒಂದೇ ಒಂದು ಗುರುತೂ ಆ ಹೊದಿಕೆಯ ಮೇಲಿಲ್ಲ.

ಫಲಿತಾಂಶ

'ಅಪ್‌ಸೈಡ್ ಡೌನ್' 1980ರ ಸೆಪ್ಟೆಂಬರ್ 6ರಂದು ಬಿಲ್‌ಬೋರ್ಡ್ ಪಟ್ಟಿಯ ತುದಿಗೇರಿ ನಾಲ್ಕು ವಾರ ಅಲ್ಲೇ ನಿಂತಿತು. ಒಂಟಿ ಗಾಯಕಿಯಾಗಿ ರಾಸ್ ಅವರಿಗೆ ಇದು ಐದನೆಯ ಮೊದಲ ಸ್ಥಾನ. 'ಐ ಆಮ್ ಕಮಿಂಗ್ ಔಟ್' ಐದನೆಯ ಸ್ಥಾನ ತಲುಪಿತು. ಆಲ್ಬಂ ಎರಡನೆಯ ಸ್ಥಾನಕ್ಕೇರಿತು. ಮರುವರ್ಷ ಮೋಟೌನ್ ಬಿಟ್ಟು ರಾಸ್ ಇನ್ನೊಂದು ಧ್ವನಿಮುದ್ರಣ ಸಂಸ್ಥೆಯಾದ ಆರ್‌ಸಿಎ ಸೇರಿದಾಗ ಒಪ್ಪಂದದ ಮೊತ್ತ 2 ಕೋಟಿ ಡಾಲರ್ ಎಂದು ವರದಿಯಾಯಿತು. ಅಷ್ಟು ಭಯಪಟ್ಟ 'ಐ ಆಮ್ ಕಮಿಂಗ್ ಔಟ್' ಹಾಡಿನಿಂದಲೇ ಅವರು ದಶಕಗಳ ಕಾಲ ತಮ್ಮ ಕಾರ್ಯಕ್ರಮಗಳನ್ನು ಆರಂಭಿಸುತ್ತಾ ಬಂದಿದ್ದಾರೆ. ಸಲಿಂಗಿ ಸಮುದಾಯ ಅದನ್ನು ತನ್ನದೇ ಹಾಡೆಂದು ಎದೆಗಪ್ಪಿಕೊಂಡಿದೆ.

ವಿಶ್ಲೇಷಣೆ

ಮೋಟೌನ್ ಮತ್ತೆ ಮಿಕ್ಸ್ ಮಾಡಿದ್ದರಿಂದಲೇ ಆಲ್ಬಂ ಗೆದ್ದಿತು ಎಂಬ ವಾದವಿದೆ. ಶೀಕ್ ಮಾಡಿದ ಕೆಲಸದಿಂದ ಗೆದ್ದಿತು, ಮೋಟೌನ್ ಅದನ್ನು ಕೆಡಿಸಿತು ಎಂಬ ವಾದವೂ ಇದೆ. ಇವೆರಡರ ನಡುವೆ ತೀರ್ಪು ಕೊಡಲು 1980ರದೇ ಇನ್ನೆರಡು ಆಲ್ಬಂಗಳು ನೆರವಾಗುತ್ತವೆ. ಅದೇ ವರ್ಷ ರಾಜರ್ಸ್ ಮತ್ತು ಎಡ್ವರ್ಡ್ಸ್ ತಮ್ಮದೇ ತಂಡಕ್ಕಾಗಿ 'ರಿಯಲ್ ಪೀಪಲ್' ಎಂಬ ಆಲ್ಬಮ್ಮನ್ನೂ, ಸಿಸ್ಟರ್ ಸ್ಲೆಡ್ಜ್‌ಗಾಗಿ 'ಲವ್ ಸಂಬಡಿ ಟುಡೇ' ಎಂಬುದನ್ನೂ ಮಾಡಿದರು. ಕೈಗಳು ಅವೇ, ಕಸುಬು ಅದೇ. ಹಿಂದಿನ ಗೆಲುವಿನ ಹತ್ತಿರಕ್ಕೂ ಎರಡೂ ಹೋಗಲಿಲ್ಲ. ಹಾಡುಗಳ ಗುಣದಲ್ಲಿ ವ್ಯತ್ಯಾಸವಿರಬಹುದು, 'ಅಪ್‌ಸೈಡ್ ಡೌನ್'ನಂಥ ಹಾಡು ಪ್ರತಿ ಸಲ ಹುಟ್ಟುವುದಿಲ್ಲವೆಂಬುದನ್ನೂ ಒಪ್ಪುತ್ತೇನೆ. ಆದರೂ ಶೀಕ್ ಎಂಬ ಹೆಸರು ಹೊದಿಕೆಯ ಮೇಲಿದ್ದ ತಟ್ಟೆಯನ್ನು ರೇಡಿಯೋದವರು ತಿರುಗಿಸಿ ನೋಡದೆ ಬದಿಗಿಟ್ಟ ಕಾಲದಲ್ಲಿ, ಅದೇ ಲಯ ಡಯಾನಾ ರಾಸ್ ಅವರ ಮುಖ ಮತ್ತು ಮೋಟೌನ್ ಚೀಟಿಯ ಜೊತೆ ಬಂದಾಗ ಬಾಗಿಲು ತೆರೆಯಿತೆಂಬುದು ಸ್ಪಷ್ಟ. ಆದ್ದರಿಂದ ಕಂಠವನ್ನು ಮುಂದಕ್ಕೆ ತಂದ ತೀರ್ಮಾನ, ಮಾರುಕಟ್ಟೆಯ ದೃಷ್ಟಿಯಿಂದ, ಸರಿಯೇ ಆಗಿತ್ತು: ಆ ವರ್ಷ ಕೇಳುಗರಿಗೆ ಬೇಕಾಗಿದ್ದದ್ದು ಕುಣಿತ ಬಿಟ್ಟ ಸಂಗೀತವಲ್ಲ, ಡಿಸ್ಕೋ ಎಂದು ಕರೆಯಬೇಕಾಗಿಲ್ಲದ ಕುಣಿತ. ನಿರ್ಮಾಪಕರನ್ನು ಕೇಳದೆ, ಕೂರಿಸಿಕೊಳ್ಳದೆ ಅದನ್ನು ಮಾಡಿದ ರೀತಿ ಮಾತ್ರ ಸರಿಯಲ್ಲ.

ಇದಕ್ಕೆ ಇನ್ನೊಂದು ಸಾಕ್ಷಿ ಪಟ್ಟಿಯಲ್ಲೇ ಇದೆ. ಅಕ್ಟೋಬರ್ 4ರಂದು 'ಅಪ್‌ಸೈಡ್ ಡೌನ್' ಅನ್ನು ಕೆಳಗಿಳಿಸಿ ಮೊದಲ ಸ್ಥಾನಕ್ಕೆ ಬಂದದ್ದು ಬ್ರಿಟಿಷ್ ರಾಕ್ ತಂಡ ಕ್ವೀನ್‌ನ 'ಅನದರ್ ಒನ್ ಬೈಟ್ಸ್ ದ ಡಸ್ಟ್'. ಅದರ ಬೇಸ್ ಸಾಲು 'ಗುಡ್ ಟೈಮ್ಸ್'ನ ಎಡ್ವರ್ಡ್ಸ್ ಸಾಲಿನ ನೇರ ನೆಂಟ. ಅದನ್ನು ಬರೆದ ಜಾನ್ ಡೀಕನ್ ಶೀಕ್ ತಂಡದವರ ಒಡನಾಟದಲ್ಲಿದ್ದವರು. ಬೇಸ್ ಗಿಟಾರಿನ ಒಂದೇ ಕೈಯ ನೆರಳು ಏಳು ವಾರಗಳ ಕಾಲ ಅಮೆರಿಕದ ಪಟ್ಟಿಯ ತುದಿಯಲ್ಲಿತ್ತು, ಡಿಸ್ಕೋ ಸತ್ತಿದೆಯೆಂದು ಎಲ್ಲರೂ ಹೇಳುತ್ತಿದ್ದ ವರ್ಷದಲ್ಲಿ.

ಆ ಹೆಸರಿನ ಮೈಲಿಗೆ ಅಮೆರಿಕದ ಗಡಿ ದಾಟಿ ಎಲ್ಲ ಕಡೆ ಹರಡಿರಲೂ ಇಲ್ಲ. ಕೊಡವ ಮನೆತನದಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಬೆಳೆದು, ಇಲ್ಲಿನ ಟ್ರೋಜನ್ಸ್ ತಂಡದಲ್ಲಿ ಹಾಡಿ, ಲಂಡನ್ನಿಗೆ ಹೋಗಿ 1974ರ 'ಕುಂಗ್ ಫೂ ಫೈಟಿಂಗ್' ನಿರ್ಮಿಸಿದ ಬಿದ್ದು ಅಪ್ಪಯ್ಯ, 1980ರಲ್ಲೇ 'ಕುರ್ಬಾನಿ' ಚಿತ್ರಕ್ಕಾಗಿ ನಾಜಿಯಾ ಹಸನ್ ಅವರಿಂದ 'ಆಪ್ ಜೈಸಾ ಕೋಯಿ' ಹಾಡಿಸಿದರು. ಮರುವರ್ಷ ಅವರು ಮಾಡಿದ ಆಲ್ಬಮ್ಮಿನ ಹೆಸರೇ 'ಡಿಸ್ಕೋ ದೀವಾನೆ'. ಮೋಟೌನ್ ಅಳಿಸಿಹಾಕಲು ಇಷ್ಟೆಲ್ಲ ಶ್ರಮಪಟ್ಟ ಪದವನ್ನು ನಮ್ಮ ಉಪಖಂಡದಲ್ಲಿ ಹೊದಿಕೆಯ ಮೇಲೆ ದೊಡ್ಡದಾಗಿ ಅಚ್ಚು ಹಾಕಿ ಮಾರಲಾಯಿತು.

ಅಮೆರಿಕದಲ್ಲಿ ಮಾತ್ರ ಈ ಆಲ್ಬಂ ತೋರಿದ ದಾರಿಯಲ್ಲೇ ರಾಜರ್ಸ್ ಮತ್ತು ಎಡ್ವರ್ಡ್ಸ್ ಮುಂದೆ ನಡೆದರು: ಮುಖ ಬೇರೆಯವರದು, ಕೆಳಗಿನ ಲಯ ತಮ್ಮದು. ರಾಜರ್ಸ್ ಅದೇ ಪವರ್ ಸ್ಟೇಷನ್ನಿನಲ್ಲಿ ಡೇವಿಡ್ ಬೋವಿ ಅವರ 'ಲೆಟ್ಸ್ ಡ್ಯಾನ್ಸ್' (1983), ಮಡೋನಾ ಅವರ 'ಲೈಕ್ ಅ ವರ್ಜಿನ್' (1984) ನಿರ್ಮಿಸಿದರು. ಎಡ್ವರ್ಡ್ಸ್ ರಾಬರ್ಟ್ ಪಾಮರ್ ಅವರ 'ರಿಪ್‌ಟೈಡ್' ನಿರ್ಮಿಸಿದರು. 1996ರ ಏಪ್ರಿಲ್‌ನಲ್ಲಿ ಟೋಕಿಯೋದಲ್ಲಿ ರಾಜರ್ಸ್ ಜೊತೆ ವೇದಿಕೆಯ ಮೇಲೆ ನುಡಿಸಿದ ಎಡ್ವರ್ಡ್ಸ್, ಅದರ ಬೆನ್ನಲ್ಲೇ ನ್ಯುಮೋನಿಯಾದಿಂದ ಅಲ್ಲಿಯೇ ತೀರಿಕೊಂಡರು. 'ಡಯಾನಾ' ಆಲ್ಬಮ್ಮಿನ ಮೂಲ ಮಿಕ್ಸ್ ಬೆಳಕು ಕಂಡದ್ದು 2003ರಲ್ಲಿ, ಮೋಟೌನ್ ಹೆಸರಿನಲ್ಲೇ, ಮೋಟೌನ್ ಮಿಕ್ಸಿನ ಜೊತೆಗೇ.